ಹುಣಸೂರಿನಲ್ಲಿ ಕೂತು ಹಿಮ ಅಳೆದದ್ದು

ನಾನು ಹಿಮವನ್ನು ಮುಟ್ಟಿಲ್ಲ. ಹತ್ತಿರದಿಂದ ನೋಡಿಯೂ ಇಲ್ಲ. ಆದರೂ ನನ್ನ ಹೊಟ್ಟೆಪಾಡು ನಡೆಯುವುದು ಹಿಮದಿಂದಲೇ. ಅಂಟಾರ್ಕ್ಟಿಕಾದ ಮೇಲೆ ಹಾದುಹೋಗುವ ಉಪಗ್ರಹಗಳು ಚಿತ್ರ ತೆಗೆದು ಕಳಿಸುತ್ತವೆ. ಅಲ್ಲಿನ ನೆಲ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಎಷ್ಟು ಪಾಲನ್ನು ಆಕಾಶಕ್ಕೆ ವಾಪಸ್ ಕೊಡುತ್ತಿದೆ ಎಂದು ಆ ಚಿತ್ರಗಳಿಂದ ಅಳೆಯುವುದು ನನ್ನ ಕೆಲಸ. ಒಬ್ಬರು ಕಣ್ಣಿಟ್ಟು ನೋಡಿ ಮುಗಿಸುವ ಕೆಲಸವಲ್ಲ ಅದು. ಹಾಗಾಗಿ ಕಂಪ್ಯೂಟರಿಗೆ ಕಲಿಸುತ್ತೇನೆ. ಚಿತ್ರವನ್ನು ಚೂರು ಚೂರಾಗಿ ಕತ್ತರಿಸಿ ಇದು ನಿನ್ನೆ ಬಿದ್ದ ಹಿಮ, ಇದು ಗಾಳಿಗೆ ಗಟ್ಟಿಯಾದ ಹಳೆಯ ಹಿಮ, ಇದು ನೀಲಿ ಮಂಜುಗಡ್ಡೆ, ಇದು ಬಂಡೆ ಎಂದು ಗುರುತು ಹಾಕಿ ತೋರಿಸುತ್ತೇನೆ. ಸಾಕಷ್ಟು ತೋರಿಸಿದ ಮೇಲೆ ಅದು ತಾನೇ ಗುರುತಿಸಿ, ಎಲ್ಲಿ ಎಷ್ಟು ಬೆಳಕು ವಾಪಸಾಗುತ್ತಿದೆ ಎಂದು ಹೇಳಲು ಕಲಿಯುತ್ತದೆ. ಅದಕ್ಕೆ ಎಲ್ಲಕ್ಕಿಂತ ಕಷ್ಟವಾಗುವುದು ಮೋಡ. ಮೇಲಿನಿಂದ ನೋಡಿದರೆ ಮೋಡವೂ ಬಿಳಿ, ಹಿಮವೂ ಬಿಳಿ.

ಇದನ್ನೆಲ್ಲ ಅಕ್ಕನಿಗೆ ಅರ್ಥ ಮಾಡಿಸಲು ನನಗೆ ಒಂದು ಬೇಸಿಗೆ ಹಿಡಿಯಿತು. ನಮ್ಮ ಊರು ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ಹತ್ತಿರ. ಅಕ್ಕನನ್ನು ಹುಣಸೂರಿಗೆ ಕೊಟ್ಟಿದ್ದರು. ಭಾವ ಲಾರಿ ಓಡಿಸುತ್ತಿದ್ದರಿಂದ ಮನೆಯಲ್ಲಿ ಇರುತ್ತಿದ್ದದ್ದು ಕಡಿಮೆ. ಹಾಗಾಗಿ ನಾನು ಅಕ್ಕನ ಜೊತೆಗೇ ಇದ್ದುಕೊಂಡು, ಬೇಕಾದಾಗ ಬಸ್ಸಿನಲ್ಲಿ ಮೈಸೂರಿನ ಪ್ರಯೋಗಾಲಯಕ್ಕೆ ಹೋಗಿಬರುತ್ತಿದ್ದೆ. ಉಳಿದ ದಿನ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ. ಅಕ್ಕ ಪೇಟೆಯಲ್ಲಿ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದಳು. ಶೀಟ್ ಹೊದಿಸಿದ ಅಂಗಡಿ. ಬೇಸಿಗೆಯಲ್ಲಿ ಒಳಗೆ ಕೂತರೆ ಬೆಂದುಹೋಗಬೇಕು. ನಾನೊಂದು ದಿನ ಶೀಟಿನ ಮೇಲೆ ದಪ್ಪಗೆ ಸುಣ್ಣ ಬಳಿಸಿದೆ. ಮಾರನೆಯ ದಿನ ಮಧ್ಯಾಹ್ನ ಅಕ್ಕ ಹೊಲಿಗೆ ನಿಲ್ಲಿಸಿ ಮೇಲೆ ನೋಡಿದಳು.

“ಬಿಸ್ಲು ಎಲ್ಲೋಯ್ತೆ?”

“ವಾಪಸ್ ಹೋಯ್ತು.”

“ಅಂದ್ರೆ ನೀನು ಇದ್ನೇ ಅಳೆಯೋದಾ? ಇದಕ್ಕೆ ಅಷ್ಟು ಓದ್ಬೇಕಿತ್ತಾ ಅಮ್ಮಿ?” ಎಂದು ನಕ್ಕಳು. ಆಮೇಲೆ ಯಾರಾದರೂ ನನ್ನ ಕೆಲಸ ಏನೆಂದು ಕೇಳಿದರೆ ಅವಳೇ ಹೇಳುತ್ತಿದ್ದಳು: “ಭೂಮಿ ತಲೆ ಮೇಲೆ ಬಳ್ದಿರೋ ಸುಣ್ಣ ಎಲ್ಲೆಲ್ಲಿ ಕಿತ್ತೋಗದೆ ಅಂತ ನೋಡ್ತಾಳೆ ನನ್ ತಂಗಿ.” ಅದಕ್ಕಿಂತ ಚೆನ್ನಾಗಿ ನಾನು ಯಾರಿಗೂ ವಿವರಿಸಿಲ್ಲ.

ಆ ವರ್ಷ ಅಂಟಾರ್ಕ್ಟಿಕಾಕ್ಕೆ ಹೋಗುವ ತಂಡಕ್ಕೆ ನನ್ನ ಹೆಸರು ಸೇರಿತು. ಚಿತ್ರ ನೋಡಿ ನಮ್ಮ ಯಂತ್ರ ಹೇಳುವುದು ಸರಿಯೋ ತಪ್ಪೋ ನೋಡಲು ಅಲ್ಲಿನ ನೆಲದ ಮೇಲೆ ಒಂದು ಉಪಕರಣ ನೆಟ್ಟು ಅಳೆಯಬೇಕಿತ್ತು. ಒಂದು ಕಂಬ, ಅದರ ತೋಳಿನ ತುದಿಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿದ ಎರಡು ಗಾಜಿನ ಗುಮ್ಮಟಗಳು. ಒಂದು ಆಕಾಶ ನೋಡುತ್ತದೆ, ಇನ್ನೊಂದು ನೆಲ ನೋಡುತ್ತದೆ. ಬರುವ ಬೆಳಕೆಷ್ಟು, ಹೋಗುವ ಬೆಳಕೆಷ್ಟು, ಅಷ್ಟೇ ಲೆಕ್ಕ. ಚಳಿಗಾಲವೂ ಸೇರಿ ವರ್ಷಕ್ಕೂ ಮೀರಿ ಅಲ್ಲಿರಬೇಕು ಎಂದಾಗ ಮನೆಯವರೆಲ್ಲ ಬೆಚ್ಚಿದರು. ನಾನು ಮಾತ್ರ ಕನಸಿನಲ್ಲಿ ನಡೆದಾಡುತ್ತಿದ್ದವಳಂತೆ ಇದ್ದೆ. ದಿನವೂ ಗುರುತು ಹಾಕುತ್ತಿದ್ದ ಜಾಗದ ಮೇಲೆ ನನ್ನ ಕಾಲಿಡುತ್ತೇನೆ. ಕಾಲು ಹುಗಿಯುತ್ತದೆಯೋ, ಜಾರುತ್ತದೆಯೋ? ಮುರಿದರೆ ಸದ್ದು ಬರುತ್ತದೆಯೋ? ಇಂಥವನ್ನೇ ಯೋಚಿಸುತ್ತಿದ್ದೆ. ಅಕ್ಕ ಎರಡು ಉಣ್ಣೆಯ ಟೋಪಿ ಹೆಣೆಯಲು ಶುರು ಮಾಡಿದಳು.

ವೈದ್ಯಕೀಯ ಪರೀಕ್ಷೆಗೆ ದೂರದ ಊರಿಗೆ ಕರೆಸಿದ್ದರು. ಅಲ್ಲಿನ ವೈದ್ಯರು ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಸ್ಕ್ಯಾನ್ ಮಾಡಿಸಿದರು. ನನ್ನ ಹೃದಯದ ಒಂದು ಕವಾಟ ಸ್ವಲ್ಪ ಸೋರುತ್ತದಂತೆ. ಹುಟ್ಟಿನಿಂದಲೇ ಇರಬಹುದಂತೆ.

“ಇದರಿಂದ ನಿಮಗೆ ಏನೂ ಆಗುವುದಿಲ್ಲ. ಮದುವೆಯಾಗಬಹುದು, ಮಕ್ಕಳಾಗಬಹುದು, ಬೆಟ್ಟವನ್ನೂ ಹತ್ತಬಹುದು. ಆದರೆ ಅಲ್ಲಿಗೆ ಬೇಡ. ಏನಾದರೂ ಆದರೆ ತಿಂಗಳುಗಟ್ಟಲೆ ಯಾರೂ ನಿಮ್ಮನ್ನು ಹೊರಗೆ ತರಲಾರರು,” ಎಂದರು. ಒಳ್ಳೆಯ ಮನುಷ್ಯ, ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾನು ಹುಣಸೂರಿಗೆ ಬಂದಾಗ ಜೋರು ಮಳೆ. ಅಕ್ಕ ಬಾಗಿಲು ತೆಗೆದವಳೇ ನನ್ನ ಮುಖ ನೋಡಿ ತಿಳಿದುಕೊಂಡಳು. ತಲೆ ಒರೆಸಿ, ಬಿಸಿ ಮುದ್ದೆ ಬಸ್ಸಾರು ಇಟ್ಟು, ಪಕ್ಕದಲ್ಲಿ ಕೂತಳು.

“ಓಗ್ಲಿ ಬುಡು ಅಮ್ಮಿ. ಆ ಚಳೀಲಿ ನಿಂಗೇನ್ ಮಡಗಿತ್ತು?”

ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ. ಆಮೇಲೆ ಎಷ್ಟೋ ದಿನ ಲ್ಯಾಪ್‌ಟಾಪಿನಲ್ಲಿ ಆ ಚಿತ್ರಗಳನ್ನು ತೆರೆದರೆ, ಮುರಿದುಹೋದ ಸಂಬಂಧದವರ ಮನೆ ಮುಂದೆ ಬಸ್ಸಿನಲ್ಲಿ ಹಾದುಹೋದ ಹಾಗಾಗುತ್ತಿತ್ತು.

ಉಪಕರಣವಂತೂ ಹೋಗಲೇಬೇಕಿತ್ತು. ಅದನ್ನು ನೋಡಿಕೊಳ್ಳಲು ಚಳಿಗಾಲದ ತಂಡದಲ್ಲಿ ಯಾರಾದರೂ ಒಪ್ಪಬೇಕು. ಪ್ರಯೋಗಾಲಯದ ನಮ್ಮ ಮೇಷ್ಟ್ರು ಅಲ್ಲಿ ಇಲ್ಲಿ ವಿಚಾರಿಸಿ ಒಬ್ಬರನ್ನು ಹಿಡಿದರು. ಅಂಟಾರ್ಕ್ಟಿಕಾದ ನಮ್ಮ ಸಂಶೋಧನಾ ನೆಲೆಯ ಜನರೇಟರು, ಹಿಮದ ಮೇಲೆ ಓಡುವ ಗಾಡಿಗಳನ್ನು ನೋಡಿಕೊಳ್ಳಲು ಹೊರಟಿದ್ದ ಡೀಸೆಲ್ ಮೆಕ್ಯಾನಿಕ್. ಉಪಕರಣದ ಕೆಲಸ ಕಲಿಯಲು ಅವರು ಒಂದು ಮಧ್ಯಾಹ್ನ ಮೈಸೂರಿಗೆ ಬಂದರು. ಮಡಿಕೆಯ ಗೆರೆ ಇನ್ನೂ ಹೋಗದ ಹೊಸ ಅಂಗಿ, ಉಗುರಿನ ಸಂದಿಯಲ್ಲಿ ಮಾತ್ರ ಹಳೆಯ ಗ್ರೀಸು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಎರಡು ಮಾತು ಆಗುವಷ್ಟರಲ್ಲಿ ನನ್ನ ಉಚ್ಚಾರಣೆಯಲ್ಲಿ ಏನು ಕೇಳಿಸಿತೋ, ಅವರು ಮುಖ ಅರಳಿಸಿದರು.

“ನಮ್ ಕಡೆಯೋರಾ ಮೇಡಂ ನೀವು?”

“ಭೇರ್ಯದ ಕಡೆ. ನೀವು?”

“ಸರಗೂರು. ಕೋಟೆ ತಾಲ್ಲೂಕಿಗೆ ಸೇರಿದ್ದಾಗ್ಲಿಂದ್ಲೂ ಅಲ್ಲೇ.”

ಸರಗೂರಿನ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಕೆಲಸ ಕಲಿತು, ಆಮೇಲೆ ಲಡಾಖಿನಲ್ಲಿ ರಸ್ತೆ ಮಾಡುವ ಯಂತ್ರಗಳ ಜೊತೆ ಹಲವು ವರ್ಷ ಇದ್ದು ಬಂದವರು. ಹಿಮ ಅವರಿಗೆ ಹೊಸದಲ್ಲ. ಗುಮ್ಮಟದ ಗಾಜಿನ ಮೇಲೆ ಕೂರುವ ಮಂಜನ್ನು ಹೇಗೆ ಒರೆಸಬೇಕು, ತೋಳು ಮಟ್ಟವಾಗಿದೆಯೇ ಎಂದು ಹೇಗೆ ನೋಡಬೇಕು ಎಂದು ನಾನು ತೋರಿಸಿಕೊಟ್ಟೆ. ಅವರು ಮಾಡಿ ತೋರಿಸಿದರು. ಕೆಲಸ ಮುಗಿದ ಮೇಲೆ, ಕಾಫಿ ಕುಡಿಯುತ್ತಾ, ತಡೆಯಲಾರದೆ ಕೇಳಿಬಿಟ್ಟೆ.

“ಮುಟ್ಟಿದರೆ ಹೇಗಿರುತ್ತೆ ಹಿಮ?”

ಅವರು ಲೋಟ ಕೆಳಗಿಟ್ಟು ಯೋಚಿಸಿದರು. “ಮೊದ್ಲು ತಣ್ಣಗಿರ್ತದೆ. ಆಮೇಲೆ ಉರೀತದೆ ಮೇಡಂ. ಅಸಿ ಮೆಣಸಿನಕಾಯಿ ಎಚ್ಚಿದ ಕೈ ಉರಿಯಲ್ವಾ, ಅಂಗೆ.” ಲೋಟ ಮತ್ತೆ ಎತ್ತಿಕೊಂಡು, “ನಿಮ್ ಜಾಗ್ದಲ್ಲಿ ನಾನು ಓಯ್ತಿದೀನಿ ಅಂತ ಮೇಷ್ಟ್ರು ಏಳುದ್ರು. ಬೇಜಾರು ಮಾಡ್ಕಬೇಡಿ,” ಎಂದರು.

ನಾನು ಬೇಜಾರಿಲ್ಲ ಎಂದೆ. ಅದು ನಿಜವಲ್ಲ ಎಂದು ಇಬ್ಬರಿಗೂ ತಿಳಿದಿತ್ತು.

ಅವರು ಹೋದರು. ಉಪಕರಣ ನಿಂತಿತು. ಅಂಕಿಗಳು ಮಿಂಚಂಚೆಯಲ್ಲಿ ಬರುತ್ತಿದ್ದವು. ಜೊತೆಗೆ ಭಾನುವಾರ ಮಧ್ಯಾಹ್ನ ಅವರ ಫೋನು. ಆ ವಾರ ಯಾವ ದಿನ ಆಕಾಶ ಶುಭ್ರವಾಗಿತ್ತು, ಯಾವ ದಿನ ಮೋಡ, ಯಾವ ದಿನ ಗಾಜಿನ ಮೇಲೆ ಮಂಜು ಕೂತಿತ್ತು ಎಂದು ಹೇಳುತ್ತಿದ್ದರು. ನಾನು ಅದೇ ದಿನದ ಉಪಗ್ರಹ ಚಿತ್ರಕ್ಕೆ ಹೊಂದಿಸಿ ನೋಡುತ್ತಿದ್ದೆ. ದನಿ ಅಲ್ಲಿಂದ ಇಲ್ಲಿಗೆ ಬರುವಾಗ ಸ್ವಲ್ಪ ತಡ. ಇಬ್ಬರೂ ಒಟ್ಟಿಗೆ ಮಾತಾಡಿಬಿಡುತ್ತಿದ್ದೆವು, ಒಟ್ಟಿಗೆ ಸುಮ್ಮನಾಗುತ್ತಿದ್ದೆವು.

ಕೆಲಸದ ಮಾತು ಮುಗಿದ ಮೇಲೆ ಅವರಿಗೆ ಊರಿನದು ಬೇಕು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳ ಬೆಂಕಿ ಆರಿತಾ, ಅವರೆಕಾಯಿ ಬಂತಾ, ಸಂಕ್ರಾಂತಿಗೆ ದನ ಕಿಚ್ಚು ಹಾಯಿಸಿದರಾ, ಪಿರಿಯಾಪಟ್ಟಣದ ರಸ್ತೆ ರಿಪೇರಿ ಮುಗೀತಾ. ನನಗೆ ಬೇಕಾದದ್ದು ಹಿಮದ್ದು. ಇವತ್ತು ಯಾವ ಬಣ್ಣ ಇತ್ತು, ಹೆಜ್ಜೆ ಇಟ್ಟರೆ ಸದ್ದು ಬಂತಾ, ಗಾಳಿ ಅದರ ಮೇಲೆ ಎಂಥ ಗೀರು ಎಳೆದಿದೆ. ಹೀಗೆ ಅವರು ಕೇಳಿದ್ದನ್ನು ಹೇಳಬೇಕೆಂದೇ ನಾನು ವಾರವಿಡೀ ಊರನ್ನು ಕಣ್ಣಿಟ್ಟು ನೋಡುವುದು ಶುರುವಾಯಿತು. ಅಕ್ಕ ಸಂತೆಗೆ ಕರೆದರೆ ಮೊದಲೆಲ್ಲ ತಪ್ಪಿಸಿಕೊಳ್ಳುತ್ತಿದ್ದವಳು ಈಗ ನಾನೇ ಚೀಲ ಹಿಡಿದು ನಿಂತಿರುತ್ತಿದ್ದೆ.

ಆ ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಬೇಸಿಗೆಯಲ್ಲಿ, ನಮ್ಮ ಯಂತ್ರ ಒಂದು ವಿಚಿತ್ರ ಮಾಡಿತು. ನೆಲೆಯ ಪೂರ್ವಕ್ಕೆ, ಹಿಮದ ನಡುವೆ, ನಾಲಿಗೆಯ ಆಕಾರದ ಒಂದು ಜಾಗವನ್ನು ಮಬ್ಬು ಎಂದು ತೋರಿಸಿತು. ಬೆಳಕು ವಾಪಸಾಗುವುದು ಅಲ್ಲಿ ಕಡಿಮೆಯಾಗಿದೆ ಎಂದು ಅರ್ಥ. ನಾನು ಅದು ಮೋಡದ ನೆರಳೆಂದು ಭಾವಿಸಿ ತಿದ್ದಿದೆ. ಮುಂದಿನ ಚಿತ್ರದಲ್ಲೂ ಅದೇ. ಅದರ ಮುಂದಿನದರಲ್ಲಿ ಇನ್ನೂ ಮಬ್ಬು. ನೆರಳು ಒಂದೇ ಕಡೆ ನಿಲ್ಲುವುದಿಲ್ಲ. ಅವರಿಗೆ ಹೇಳಿದೆ. ಒಬ್ಬರೇ ಹೊರಗೆ ಹೋಗುವಂತಿಲ್ಲವಾದ್ದರಿಂದ ಜೊತೆಗಾರರೊಬ್ಬರನ್ನು ಕರೆದುಕೊಂಡು ನಡೆದು ಹೋಗಿ ನೋಡಿ, ಭಾನುವಾರಕ್ಕೂ ಕಾಯದೆ ಫೋನ್ ಮಾಡಿದರು.

“ಮೇಡಂ, ಇಲ್ಲಿ ಇಮದ ಮ್ಯಾಲೆ ದೂಳು ಕೂತದೆ. ಬೂದಿ ಎರಚ್ದಂಗೆ. ಬಂಡೆ ಕಡೆಯಿಂದ ಗಾಳಿ ಒತ್ಕಂಡ್ ಬಂದದೆ. ಆ ದೂಳು ಬಿಸ್ಲಿಗೆ ಕಾದು, ಸುತ್ತ ಇಮ ಕರಗಿಸ್ಕಂಡು, ತೂತು ತೂತು ಮಾಡ್ಕಂಡು ಕೆಳಕ್ಕಿಳೀತದೆ. ಜರಡಿ ಆಗೋಗದೆ ಇಲ್ಲಿ.”

ಅಳತೆಗೆಂದು ಕೈಗವಸನ್ನು ಪಕ್ಕಕ್ಕಿಟ್ಟು ತೆಗೆದ ಫೋಟೋ ಬಂತು. ಅಕ್ಕನ ಅಂಗಡಿಯಲ್ಲಿ, ಸುಣ್ಣದ ಶೀಟಿನ ಕೆಳಗೆ ಕೂತು ಅದನ್ನು ನೋಡಿದೆ. ನಾನು ಕಲಿಸಿದ ಯಂತ್ರ ನಾನು ಕಾಣದ್ದನ್ನು ಕಂಡಿತ್ತು. ಕುಣಿದಾಡುವಷ್ಟು ಖುಷಿಯಾಯಿತು. ಹಿಂದೆಯೇ, ಆ ತೂತುಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳಿಟ್ಟು ನೋಡುವವಳು ನಾನಾಗಿರಬೇಕಿತ್ತು ಎನಿಸಿತು.

ಇಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಅವರು ಒಂದು ಮಾತು ಕೇಳಿದರು. “ಒಂದ್ಸಲ ಸರಗೂರಿಗೆ ಓಗಿ ಬತ್ತೀರಾ? ಅವ್ವಂಗೆ ಪೋನಲ್ಲಿ ಏಳುದ್ರೆ ಅರ್ಥಾಗಾಕಿಲ್ಲ. ನಾನು ಏನೋ ಮುಚ್ಚಿಡ್ತಿದೀನಿ ಅಂದ್ಕತಳೆ. ನೀವು ತೋರ್ಸಿ ಏಳಿ.”

ಕೋಟೆ ಪೇಟೆಯ ಮೇಲೆ ಸರಗೂರಿಗೆ ಹೋಗುವ ಬಸ್ಸು ಹತ್ತಿದೆ. ಅವರ ತಾಯಿ ಜಗಲಿಯಲ್ಲಿ ಮೊರ ಇಟ್ಟುಕೊಂಡು ರಾಗಿ ಕೇರುತ್ತಿದ್ದರು. ನಾನು ಯಾರೆಂದು ಹೇಳುವ ಮೊದಲೇ “ಬಾ ಕೂಸೆ, ಒಳಗ್ ಬಾ” ಎಂದು ಎದ್ದರು. ಮಗನ ಫೋಟೋಗಳನ್ನು ತೋರಿಸಿದೆ. ಗಡ್ಡ ನೋಡಿ ಬೈದರು. ಅಲ್ಲಿ ಮುದ್ದೆ ಮಾಡುವವರು ಯಾರೂ ಇಲ್ಲ ಎಂದದ್ದಕ್ಕೆ ಬಹಳ ಹೊತ್ತು ತಲೆ ಆಡಿಸಿದರು. ಆಮೇಲೆ ನಾನು ಉಪಗ್ರಹ ಚಿತ್ರ ತೆರೆದು, ಇದು ಅವರಿರುವ ಜಾಗ, ನಾನು ದಿನಾ ನೋಡುವುದು ಇದನ್ನೇ ಎಂದೆ. ಆಕೆ ಕಣ್ಣು ಕಿರಿದು ಮಾಡಿ ತೆರೆಯ ಹತ್ತಿರ ಬಾಗಿದರು.

“ಇದ್ರಲ್ಲಿ ಅವ್ನೆಲ್ಲವ್ನೆ?”

“ಕಾಣಿಸಲ್ಲ ಅವ್ವ. ಇಲ್ಲಿರೋ ಒಂದು ಚುಕ್ಕಿಯೊಳಗೆ ನಿಮ್ಮ ಮನೆ, ಹೊಲ ಎಲ್ಲ ಸೇರಿಹೋಗುತ್ತೆ. ಮನುಷ್ಯ ಕಾಣಲ್ಲ.”

“ಅಂಗಾರೆ ದಿನಾ ಏನ್ ನೋಡ್ತೀಯವ್ವ ನೀನು?”

ಹಿಮ ನೋಡ್ತೀನಿ ಎಂದೆ. ಆಕೆ ಚಿತ್ರ ಬಿಟ್ಟು ನನ್ನನ್ನೇ ನೋಡಿದರು. ಹೊರಡುವಾಗ ಒಂದು ಚೀಲ ರಾಗಿಹಿಟ್ಟು ಕಟ್ಟಿಕೊಟ್ಟು, ಬಸ್ಸು ಹೊರಡುವವರೆಗೂ ನಿಂತಿದ್ದರು.

ಅದೇ ಹೊತ್ತಿಗೆ ಅಲ್ಲಿ ಸೂರ್ಯ ಹುಟ್ಟುವುದು ನಿಂತಿತು. ಬಿಸಿಲೇ ಇಲ್ಲದ ಮೇಲೆ ವಾಪಸಾಗುವ ಬೆಳಕೆಲ್ಲಿ? ಉಪಗ್ರಹದಿಂದ ಬರುವ ನನ್ನ ಚಿತ್ರಗಳೆಲ್ಲ ಕಪ್ಪಾದವು. ಗುಮ್ಮಟಗಳ ಮೇಲೆ ಮುಸುಕು ಹಾಕಿಡಲು ನಾನೇ ಹೇಳಿದ್ದೆ. ಆ ಭಾನುವಾರ ಫೋನು ಬರಲು ಯಾವ ಕಾರಣವೂ ಇರಲಿಲ್ಲ. ನಾನು ಊಟಕ್ಕೆ ಏಳದೆ ಕೂತಿದ್ದೆ. ಅಕ್ಕ ಎರಡು ಸಲ ಕರೆದಳು, ಮೂರನೆಯ ಸಲ ಕರೆಯದೆ ತಟ್ಟೆ ಮುಚ್ಚಿಟ್ಟಳು. ಫೋನು ಬಂತು.

“ರೀಡಿಂಗ್ ಏನಿಲ್ಲ ಇವತ್ತು,” ಎಂದರು. ಆ ತಡದ ಮೌನ. “ಸುಮ್ನೆ ಮಾಡ್ದೆ.”

“ಒಳ್ಳೇದಾಯ್ತು,” ಎಂದೆ.

ಆ ಚಳಿಗಾಲವಿಡೀ ನಾವು ಮಾತಾಡಿದ್ದು ಏನೇನೋ. ಬಿಳಿ ಅನ್ನುವುದೇ ಇಲ್ಲ ಈಗ, ದೀಪ ಹಿಡಿದಷ್ಟು ದೂರ ಮಾತ್ರ ಹಿಮ ಇರುತ್ತದೆ, ಅದರಾಚೆ ಏನೂ ಇಲ್ಲ ಎನ್ನುತ್ತಿದ್ದರು. ಒಂದು ಸಲ ಬಿರುಗಾಳಿಗೆ ಆಂಟೆನಾ ಕಿತ್ತುಹೋಗಿ ಎರಡು ಭಾನುವಾರ ದನಿಯಿಲ್ಲ. ಎಲ್ಲರೂ ಕ್ಷೇಮ ಎಂಬ ಒಂದು ಸಾಲಿನ ಸುದ್ದಿ ಮೇಷ್ಟ್ರ ಮೂಲಕ ಬಂದಿತ್ತು. ಆದರೂ ನಾನು ಸರಗೂರಿನ ಬಸ್ಸು ಹತ್ತಿದ್ದೆ. ಹೇಳಲು ಹೊಸದೇನೂ ಇರಲಿಲ್ಲ. ಆಕೆಯ ಜೊತೆ ಕೂತು ಬರಬೇಕು ಅನಿಸಿತ್ತು. ಆಕೆ ಜಗಲಿಯಲ್ಲಿ ಜಾಗ ಮಾಡಿಕೊಟ್ಟರು.

ಅವರು ಮರಳಿ ಬಂದು ಹುಣಸೂರಿನ ಬಸ್ ನಿಲ್ದಾಣದಲ್ಲಿ ಇಳಿದ ದಿನ ನಾವಿಬ್ಬರೂ ಹಳೆಯ ಅಭ್ಯಾಸದಂತೆ ಒಂದೊಂದು ಮಾತಿಗೂ ತಡೆದು ನಿಂತೆವು. ಫೋನಿನಲ್ಲಿ ಅಷ್ಟೊಂದು ಆಡಿದ್ದ ದನಿ ಈಗ ತಡವಿಲ್ಲದೆ, ಎದುರಿಗೇ, ಬರುತ್ತಿತ್ತು. ಅದಕ್ಕೆ ಹೊಂದಿಕೊಳ್ಳಲು ಹೊತ್ತು ಬೇಕಾಯಿತು. ಅವರು ಸುತ್ತಲಿನ ಹಸಿರು, ಜನ, ಬಾಳೆಹಣ್ಣಿನ ಗಾಡಿ ಎಲ್ಲವನ್ನೂ ಕಣ್ಣು ಪಿಳುಕಿಸುತ್ತಾ ನೋಡುತ್ತಿದ್ದರು. ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಮುದ್ದೆ ಮುಂದೆ ಕೂತವರು ತಟ್ಟೆ ಮುಟ್ಟುವ ಮೊದಲೇ ಅಕ್ಕನನ್ನು ಕೇಳಿದರು.

“ಅಕ್ಕ, ನಿಮ್ ತಂಗೀನ ಕೇಳಾನ ಅಂತ ಬಂದೆ.”

“ಅವ್ಳ ಎದೇದು ಗೊತ್ತಲ್ವಾ ನಿಮ್ಗೆ? ಡಾಕ್ಟ್ರು ಏಳಿದ್ದು?” ಅಕ್ಕ ಕೇಳಿದಳು.

“ಅದು ಸೋರ್ದೇ ಇದ್ದಿದ್ರೆ ನಾನೆಲ್ಲಿ ಅಲ್ಲಿಗೆ ಓಯ್ತಿದ್ದೆ ಅಕ್ಕ?”

ಭೇರ್ಯದಲ್ಲಿ ಚಪ್ಪರ ಹಾಕಿ ಚಿಕ್ಕದಾಗಿ ಮದುವೆಯಾಯಿತು. ಹುಣಸೂರಿನಲ್ಲಿ ಮನೆ ಮಾಡಿದೆವು. ಅವರು ಪಿರಿಯಾಪಟ್ಟಣದ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಶೆಡ್ಡು ತೆರೆದರು. ಆ ಮೊದಲ ವರ್ಷದಷ್ಟು ಸಂತೋಷವಾಗಿ ನಾನು ಬೇರೆ ಯಾವಾಗಲೂ ಇದ್ದದ್ದಿಲ್ಲ. ಸಂಜೆ ಅವರು ಬಂದು ನನ್ನ ಲ್ಯಾಪ್‌ಟಾಪಿನ ಪಕ್ಕ ಕೂತು, ಚಿತ್ರದಲ್ಲಿ ಬೆರಳಿಟ್ಟು, ಇಲ್ಲಿ ಇಳಿಜಾರು, ಇಲ್ಲಿ ಗಾಡಿ ಕೆಟ್ಟಿತ್ತು, ಇಲ್ಲಿ ಪೆಂಗ್ವಿನ್ ದಾರಿ ತಪ್ಪಿ ಬಂದಿತ್ತು ಎನ್ನುತ್ತಿದ್ದರು.

ಎರಡನೆಯ ವರ್ಷ ಆ ಬೆರಳು ಒಂದೇ ಕಡೆ ನಿಲ್ಲುವುದನ್ನು ಗಮನಿಸಿದೆ. ಮಾತು ಕಡಿಮೆಯಾಯಿತು. ಶೆಡ್ಡಿನ ಗದ್ದಲ, ಬಸ್ಸಿನ ಹಾರನ್ನು, ಮದುವೆ ಮನೆಯ ಮೈಕು, ಎಲ್ಲದರಿಂದ ತಲೆ ನೋಯುತ್ತದೆ ಎನ್ನತೊಡಗಿದರು. ಅಲ್ಲಿದ್ದಾಗ ಅವರೆಕಾಯಿಗೆ ಹಂಬಲಿಸಿದ ಮನುಷ್ಯ ಅವರೆಕಾಯಿ ಕಾಲದಲ್ಲಿ ಅರ್ಧ ತಟ್ಟೆಗೆ ಎದ್ದುಬಿಡುತ್ತಿದ್ದರು. ಒಂದು ಸಂಜೆ ಹೇಳಿದರು, “ಮತ್ತೆ ಕರೀತಾವ್ರೆ. ಅದೇ ನೆಲೆಗೆ.”

ನನಗೆ ಸಿಟ್ಟು ಬಂತು. ಅವರು ಬಿಟ್ಟುಹೋಗುತ್ತಾರೆ ಎಂಬುದಕ್ಕಿಂತ, ಅವರಿಗೆ ಹೋಗಲು ಆಗುತ್ತದಲ್ಲ ಎಂಬ ಸಿಟ್ಟು.

“ನಿಮಗೆ ಕರೆದಾಗ ಹೋಗಬಹುದು, ಸಾಕಾದಾಗ ಬರಬಹುದು. ನಾನು ಒಂದು ಸಲ ಹೋಗಬೇಕು ಅಂದದ್ದಕ್ಕೆ ಬಾಗಿಲೇ ತೆಗೀಲಿಲ್ಲ,” ಎಂದೆ. ಅಳು ಬಂತು.

ಅವರು ಎದ್ದು ಲ್ಯಾಪ್‌ಟಾಪ್ ಮುಚ್ಚಿಟ್ಟರು. ಆಮೇಲೆ, “ಬ್ಯಾಡ ಅಂದ್ರೆ ಓಗಾಕಿಲ್ಲ,” ಎಂದರು. ಅದು ನಿಜವಾದ ಮಾತು. ನಾನು ಬೇಡವೆಂದಿದ್ದರೆ ಅವರು ಹೋಗುತ್ತಿರಲಿಲ್ಲ. ದಿನಾ ಶೆಡ್ಡಿಗೆ ಹೋಗಿ, ದಿನಾ ಸಂಜೆ ಆ ಚಿತ್ರದ ಮುಂದೆ ಕೂರುತ್ತಿದ್ದರು. ಆ ಕೂರುವುದು ಎಂಥದ್ದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನಾನು ಅದನ್ನು ಮದುವೆಗೂ ಮೊದಲಿಂದ ಮಾಡುತ್ತಾ ಬಂದವಳು. ಒಂದು ಮನೆಯಲ್ಲಿ ಹಾಗೆ ಇಬ್ಬರು ಬೇಡ ಅನಿಸಿತು. ಕೆಲವು ದಿನ ಮಾತಾಡದೆ ಕಳೆದೆವು. ಕೊನೆಗೆ ನಾನೇ ಅವರ ಬಟ್ಟೆ ಮಡಿಸಲು ಕೂತೆ.

ಅವರು ಈಗ ಅಲ್ಲಿದ್ದಾರೆ. ಅತ್ತೆ ಸರಗೂರಿನ ಹೊಲವನ್ನು ಮೈದುನನಿಗೆ ಒಪ್ಪಿಸಿ ನನ್ನ ಜೊತೆಗೆ ಬಂದಿದ್ದಾರೆ. ಹುಣಸೂರಿನಲ್ಲಿ ಅಕ್ಕನಿಗೂ ಅವರಿಗೂ ಒಳ್ಳೆಯ ಸ್ನೇಹವಾಗಿದೆ. ಅಂಗಡಿಯಲ್ಲಿ ಗುಂಡಿ ಹಚ್ಚಿಕೊಡುತ್ತಾರೆ. ಕತ್ತಲಿನ ತಿಂಗಳು ಮುಗಿಯುತ್ತಾ ಬಂದಿದೆ. ಮೊದಲ ಚಿತ್ರಗಳು ಇನ್ನೂ ಬಂದಿಲ್ಲ. ಬಂದರೂ ಮೊದಲ ಕೆಲವು ದಿನ ಸೂರ್ಯ ನೆಲಕ್ಕೆ ಅಂಟಿಕೊಂಡಂತೆ ಇರುವುದರಿಂದ ಉದ್ದುದ್ದ ನೆರಳೇ ಹೆಚ್ಚು, ಅಳೆಯಲು ಆಗುವುದಿಲ್ಲ. ಕಾಯಬೇಕು.

ಹೋದ ಭಾನುವಾರ ಅತ್ತೆಯನ್ನು ಚುಂಚನಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ಮಳೆ ಚೆನ್ನಾಗಿ ಆಗಿ ಕಾವೇರಿ ತುಂಬಿತ್ತು. ಅತ್ತೆ ದೇವಸ್ಥಾನದೊಳಗೆ ಕೂತರು. ನಾನು ನೀರು ಧುಮುಕುವ ಕಡೆ ನಡೆದೆ. ಅಲ್ಲಿರುವಾಗಲೇ ಅವರ ಫೋನು ಬಂತು. ಕೂಗದಿದ್ದರೆ ಒಬ್ಬರದೊಬ್ಬರಿಗೆ ಕೇಳುವಂತಿರಲಿಲ್ಲ.

“ಏನದು ಸದ್ದು? ಗಾಡಿನಾ?” ಎಂದು ಕೂಗಿದರು.

“ನೀರು!” ನಾನೂ ಕೂಗಿದೆ. “ಚುಂಚನಕಟ್ಟೆ!”

ಆ ತಡದ ಮೌನ ಬಂತು. ಅದು ಮುಗಿದ ಮೇಲೂ ಅವರು ಮಾತಾಡಲಿಲ್ಲ. ಲೈನು ಹೋಯಿತೇನೋ ಎಂದು ನೋಡಿದೆ. ಇತ್ತು. ಅಲ್ಲಿ ಆ ಕಾಲದಲ್ಲಿ ಹರಿಯುವ ನೀರೇ ಇರುವುದಿಲ್ಲ; ಕುಡಿಯುವುದಕ್ಕೂ ಮಂಜುಗಡ್ಡೆ ಕರಗಿಸಬೇಕು. ನಾನು ಕಂಬಿಯ ಆಚೆಗೆ ಕೈ ಚಾಚಿ ಫೋನನ್ನು ನೀರಿನ ಕಡೆ ಹಿಡಿದೆ. ತುಂತುರು ಮುಂಗೈ ಮೇಲೆ ಬೀಳುತ್ತಿತ್ತು. ಕೈ ಸೋತು ಹಿಂದಕ್ಕೆ ತೆಗೆದು ಕಿವಿಗಿಟ್ಟುಕೊಂಡಾಗ ಅವರ ದನಿ ಸಣ್ಣದಾಗಿ ಕೇಳಿಸಿತು.

“ಇನ್ನೊಸಿ ಒತ್ತು ಅಂಗೇ ಇಡ್ಕಳಿ.”

ಮದುವೆಯಾದ ಮೇಲೂ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸುವುದನ್ನು ಬಿಟ್ಟಿಲ್ಲ. ಫೋನನ್ನು ಇನ್ನೊಂದು ಕೈಗೆ ಬದಲಿಸಿ ಮತ್ತೆ ಚಾಚಿದೆ.